ಪಿಕಪ್‌ಗೆ ಹೈಡ್ರೋಜನ್ ಕಿಟ್ ಹಾಕಿಸಬೇಕಾ, ಬೇಡವಾ? 28 ಸಾವಿರದ ಪ್ರಶ್ನೆ

ಶಿರಾಡಿ_ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು 2.5 ಲೀಟರ್ ಡೀಸೆಲ್ ಇಂಜಿನ್ನಿನ ಪಿಕಪ್, 2018ರದ್ದು. ಸಕಲೇಶಪುರದಿಂದ ಮಂಗಳೂರಿಗೆ ಶುಂಠಿ, ತರಕಾರಿ, ಒಮ್ಮೊಮ್ಮೆ ಕಾಫಿ ಮೂಟೆ ಹೊಡೆಯುತ್ತೇನೆ. ತಿಂಗಳಿಗೆ 5,000 ಕಿ.ಮೀ. ಓಡುತ್ತದೆ. ಲೀಟರಿಗೆ 12 ಬಂದರೆ ಪುಣ್ಯ, ಪೂರ್ತಿ ಲೋಡಿನಲ್ಲಿ ಶಿರಾಡಿ ಹತ್ತುವಾಗ ಅದೂ ಇಲ್ಲ. ತಿಂಗಳಿಗೆ 400 ಲೀಟರಿಗಿಂತ ಜಾಸ್ತಿ ಡೀಸೆಲ್, ದರ 90 ದಾಟಿ ಕೂತಿದೆ, ಬಾಡಿಗೆ ಮಾತ್ರ ಎರಡು ವರ್ಷದಿಂದ ಕದಲಿಲ್ಲ.

ಮೊನ್ನೆ ಒಂದು ಅಂಗಡಿಯವರು ಹೈಡ್ರೋಜನ್ ಕಿಟ್ ತೋರಿಸಿದರು. ಸ್ಟೀಲ್ ಪ್ಲೇಟುಗಳ ಒಂದು ಡಬ್ಬ, ನೀರಿನ ಬಾಟಲಿ, ಪೈಪು, ಒಂದು ಸ್ವಿಚ್ಚು. ಬ್ಯಾಟರಿಯ ಕರೆಂಟಿನಲ್ಲಿ ನೀರು ಒಡೆದು ಗ್ಯಾಸ್ ಆಗುತ್ತದೆ, ಅದು ಏರ್ ಫಿಲ್ಟರ್ ಪೈಪಿನಿಂದ ಇಂಜಿನ್ನಿಗೆ ಹೋಗುತ್ತದೆ, ಡೀಸೆಲ್ ಶೇ 30 ಉಳಿಯುತ್ತದೆ ಎಂದರು. ಬೆಲೆ 28,000. ಅಲ್ಲೇ ಒಂದು ಬೈಕಿಗೆ ಹಾಕಿ ಗುಳ್ಳೆ ಬರುವುದನ್ನು ತೋರಿಸಿದರು, ಸೋಪಿನ ನೀರಿನ ಗುಳ್ಳೆಗೆ ಬೆಂಕಿ ಕಡ್ಡಿ ಹಿಡಿದರೆ ಪಟ್ಟೆಂದು ಸಿಡಿಯಿತು. ಗ್ಯಾಸ್ ಬರುವುದಂತೂ ನಿಜ, ಕಣ್ಣಾರೆ ನೋಡಿದೆ.

ಶೇ 30 ಎಂದರೆ ನನಗೆ ತಿಂಗಳಿಗೆ ಹತ್ತು ಸಾವಿರದ ಮೇಲೆ. ಮೂರು ತಿಂಗಳಲ್ಲಿ ಕಿಟ್ಟಿನ ದುಡ್ಡು ಹುಟ್ಟುತ್ತದೆ. ಆಸೆಗೆ ಬಿದ್ದು 3,000 ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು. ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಯಲುಸೀಮೆ_800

ನಾನು ಹಾಕಿಸಿದ್ದೇನೆ. ಹಳೆಯ ಕಾರ್ಬ್ಯುರೇಟರ್ ಮಾರುತಿ 800. ಮೊದಲು 15.5 ಬರುತ್ತಿತ್ತು, ಈಗ 17.5ರಿಂದ 18. ಇಂಜಿನ್ ಸದ್ದು ಕಡಿಮೆಯಾಗಿದೆ, ಎಳೆತ ಚೆನ್ನಾಗಿದೆ. ಎಂಟು ತಿಂಗಳಾಯಿತು, ಏನೂ ತೊಂದರೆ ಇಲ್ಲ. ಪುಸ್ತಕ ಓದಿದವರು ಬಂದು ಆಗಲ್ಲ ಅನ್ನುತ್ತಾರೆ, ಆದರೆ ನಾನು ದಿನಾ ಓಡಿಸುವವನು, ನನ್ನ ಗಾಡಿ ನನಗೆ ಗೊತ್ತಲ್ವಾ? ಧೈರ್ಯವಾಗಿ ಹಾಕಿಸಿ.

ಪಿಯುಸಿ_ರಸಾಯನ

ಶಿರಾಡಿಯವರೇ, ಸ್ವಲ್ಪ ತಾಳಿ. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಇದರ ಲೆಕ್ಕ ನಮ್ಮ ದ್ವಿತೀಯ ಪಿಯುಸಿ ಮಕ್ಕಳಿಗೂ ಬರುತ್ತದೆ. ಎಷ್ಟು ಕರೆಂಟಿಗೆ ಎಷ್ಟು ಗ್ಯಾಸ್ ಎಂದು ಹೇಳುವ ಫ್ಯಾರಡೆ ನಿಯಮ ಅಷ್ಟೇ. ನಿಮ್ಮ ಗಾಡಿಗೇ ಹಾಕಿ ನೋಡೋಣ.

ಇಂಥ ಡಬ್ಬಗಳಲ್ಲಿ ಸಾಮಾನ್ಯವಾಗಿ ಏಳು ಪ್ಲೇಟು, ಅಂದರೆ ನಡುವೆ ಆರು ಸೆಲ್ ಇರುತ್ತವೆ. 14 ವೋಲ್ಟಿನಲ್ಲಿ 10 ಆಂಪಿಯರ್ ಹರಿಸಿದರೆ ನಿಮಿಷಕ್ಕೆ ಹೆಚ್ಚೆಂದರೆ ಮುಕ್ಕಾಲು ಲೀಟರಿನ ಒಳಗೆ ಗ್ಯಾಸ್ ಬರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ಡಬ್ಬ ಎಷ್ಟು ದುಬಾರಿಯದ್ದಾದರೂ ಅಷ್ಟು ಕರೆಂಟಿಗೆ, ಅಷ್ಟು ಸೆಲ್ಲಿಗೆ ಇದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಆ ಹೈಡ್ರೋಜನ್ ಉರಿದರೆ ಸಿಗುವ ಶಕ್ತಿ ಸುಮಾರು 75 ವ್ಯಾಟ್. ಹಳೆಯ ಕಾಲದ ಒಂದು ಬುರುಡೆ ಬಲ್ಬು ಬೆಳಗುವಷ್ಟು.

ಈಗ ನಿಮ್ಮ ಗಾಡಿ ನೋಡಿ. ಗಂಟೆಗೆ 60 ಕಿ.ಮೀ. ವೇಗ, ಲೀಟರಿಗೆ 12 ಎಂದರೆ ಗಂಟೆಗೆ 5 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಕರೆಂಟು ಬಿಲ್ಲಿನ ಅದೇ ಯೂನಿಟ್. ಅಂದರೆ ಇಂಜಿನ್ 50,000 ವ್ಯಾಟ್ ಲೆಕ್ಕದಲ್ಲಿ ಡೀಸೆಲ್ ಉರಿಸುತ್ತಿದೆ. ಐವತ್ತು ಸಾವಿರದ ಮುಂದೆ ಎಪ್ಪತ್ತೈದು. ಶೇ 30 ಎಲ್ಲಿಂದ ಬರಬೇಕು?

ಇನ್ನೊಂದು ಕಡೆ ಖರ್ಚು. 14 ವೋಲ್ಟಿಗೆ 10 ಆಂಪಿಯರ್ ಅಂದರೆ 140 ವ್ಯಾಟ್, ಆ ಕರೆಂಟು ಬ್ಯಾಟರಿಯಿಂದ ಪುಕ್ಕಟೆ ಬರುವುದಿಲ್ಲ. ಆಲ್ಟರ್ನೇಟರ್ ಅದನ್ನು ತುಂಬಬೇಕು, ಅದನ್ನು ತಿರುಗಿಸುವುದು ಬೆಲ್ಟು, ಬೆಲ್ಟನ್ನು ಎಳೆಯುವುದು ಅದೇ ಇಂಜಿನ್. ಆಲ್ಟರ್ನೇಟರ್‌ನಲ್ಲಿ ಸುಮಾರು ಶೇ 40 ಸೋರಿ ಹೋಗುತ್ತದೆ. ಇಂಜಿನ್ನಿನಲ್ಲಿ ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಸೈಲೆನ್ಸರ್‌ನಿಂದ, ರೇಡಿಯೇಟರ್‌ನಿಂದ ಹೋಗುತ್ತದೆ. ಎಲ್ಲ ಕೂಡಿಸಿದರೆ ಆ ಕರೆಂಟಿಗೆ ಸುಮಾರು 670 ವ್ಯಾಟ್‌ನಷ್ಟು ಡೀಸೆಲ್ ಸುಡಬೇಕು. ಕೊಟ್ಟದ್ದು 670, ವಾಪಸ್ ಬಂದದ್ದು 75. ಬಾವಿಯಿಂದ ಒಂಬತ್ತು ಕೊಡ ಸೇದಿ ಒಂದು ಕೊಡ ಮನೆ ಸೇರಿದ ಹಾಗೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ನಷ್ಟ ಕೂಡ ಒಟ್ಟು ಡೀಸೆಲ್‌ನಲ್ಲಿ ಶೇ 1ರ ಆಸುಪಾಸು. ನಿಮ್ಮ ಅನುಭವಕ್ಕೆ ಅದು ಬರುವುದೇ ಇಲ್ಲ. ಹಾಗಾಗಿ ಹಾಕಿಸಿದವರಿಗೆ ನಷ್ಟವಾಯಿತು ಎಂದೂ ಅನಿಸುವುದಿಲ್ಲ. ಈ ವ್ಯಾಪಾರ ಇಷ್ಟು ವರ್ಷ ನಡೆಯುತ್ತಿರುವುದು ಅದೇ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ.

ನೀರ_ನಂಬಿಕೆ

ಸರ್, ನೀವು ತಪ್ಪು ಜಾಗದಲ್ಲಿ ಲೆಕ್ಕ ಹಾಕುತ್ತಿದ್ದೀರಿ. ಹೈಡ್ರೋಜನ್ ಇಲ್ಲಿ ಇಂಧನ ಅಲ್ಲ. ಅದು ಬೇಗ ಉರಿಯುತ್ತದೆ, ಹಾಗಾಗಿ ಉರಿಯದೆ ಉಳಿದ ಡೀಸೆಲ್ಲನ್ನೂ ಪೂರ್ತಿ ಉರಿಸುತ್ತದೆ. ಉಳಿತಾಯ ಬರುವುದು ಅಲ್ಲಿಂದ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಚಮಚ ಸಾಕು. ನಾಸಾದವರೇ 1977ರಲ್ಲಿ ಇದನ್ನು ಪರೀಕ್ಷೆ ಮಾಡಿ ವರದಿ ಬರೆದಿದ್ದಾರೆ.

ಇನ್ನು ನೀರಿನಿಂದ ಕಾರು ಓಡಿಸಿದ ಅಮೆರಿಕದ ಸ್ಟ್ಯಾನ್ಲಿ ಮೇಯರ್ ಗತಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ತೈಲ ಕಂಪನಿಗಳು ಇಂಥದ್ದನ್ನು ಹೊರಗೆ ಬರಲು ಬಿಡುವುದಿಲ್ಲ.

ಪಿಯುಸಿ_ರಸಾಯನ

ಹೆಪ್ಪಿನ ಮಾತು ಕೇಳಲು ಚೆನ್ನಾಗಿದೆ, ಅದಕ್ಕೇ ಉತ್ತರ ಕೊಡಬೇಕು. ಇವತ್ತಿನ ಡೀಸೆಲ್ ಇಂಜಿನ್ನಿನಲ್ಲಿ ಉರಿಯದೆ ಹೊರಗೆ ಹೋಗುವ ಇಂಧನ ಶೇ 1ರಿಂದ 2ರ ಒಳಗೆ. ಇಂಜಿನ್ ಹಾಳಾಗಿ ಕಪ್ಪು ಹೊಗೆ ಕಕ್ಕುತ್ತಿದ್ದರೆ ಬೇರೆ ಮಾತು, ಆಗ ರಿಪೇರಿ ಮಾಡಿಸಬೇಕು. ಸರಿಯಾದ ಇಂಜಿನ್ನಿನಲ್ಲಿ ಉಳಿದದ್ದನ್ನೆಲ್ಲ ಉರಿಸಿದರೂ ಸಿಗುವುದು ಅಷ್ಟೇ. ಸೋರುತ್ತಿರುವುದು ಉರಿಯದ ಡೀಸೆಲ್ ಅಲ್ಲ, ಉರಿದ ಡೀಸೆಲ್‌ನ ಬಿಸಿ.

ಹೈಡ್ರೋಜನ್ ಬೇಗ ಉರಿಯುತ್ತದೆ ಎನ್ನುವುದು ಪೂರ್ತಿ ನಿಜ. ಪೆಟ್ರೋಲ್ ಜ್ವಾಲೆಗಿಂತ ಅದರ ಜ್ವಾಲೆ ಐದಾರು ಪಟ್ಟು ವೇಗವಾಗಿ ಓಡುತ್ತದೆ. ಆದರೆ ಅದು ಸಿಲಿಂಡರ್ ಒಳಗೆ ಇರಬೇಕಲ್ಲ? 2.5 ಲೀಟರ್ ಇಂಜಿನ್ 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2,500 ಲೀಟರ್ ಗಾಳಿ ಎಳೆಯುತ್ತದೆ, ಟರ್ಬೋ ಇದ್ದರೆ ಇನ್ನೂ ಜಾಸ್ತಿ. ಅದರಲ್ಲಿ ನಿಮ್ಮ ಗ್ಯಾಸ್ ಮುಕ್ಕಾಲು ಲೀಟರೂ ಇಲ್ಲ. ಗಾಳಿಯಲ್ಲಿ ಹೈಡ್ರೋಜನ್ ತಾನಾಗಿ ಜ್ವಾಲೆ ಹಿಡಿಯಬೇಕಾದರೆ ಕನಿಷ್ಠ ಶೇ 4 ಇರಬೇಕು. ಇಲ್ಲಿ ಶೇ 0.02ರಷ್ಟೂ ಇಲ್ಲ. ಹೆಪ್ಪು ಬ್ಯಾಕ್ಟೀರಿಯಾ, ಬೆಳೆದು ಹಾಲೆಲ್ಲ ಹರಡುತ್ತದೆ. ಹೈಡ್ರೋಜನ್ ಬೆಳೆಯುವುದಿಲ್ಲ.

ನಾಸಾ ವರದಿ ಇರುವುದು ನಿಜ. ಅವರು ತೆಗೆದುಕೊಂಡದ್ದು ದೊಡ್ಡ ವಿ8 ಪೆಟ್ರೋಲ್ ಇಂಜಿನ್. ಹೈಡ್ರೋಜನ್ ಸೇರಿಸಿದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಇರುವ ಮಿಶ್ರಣದಲ್ಲೂ ಇಂಜಿನ್ ತಡವರಿಸದೆ ಓಡುತ್ತದೆಯಾ, ವಿಷಾನಿಲ ಇಳಿಯುತ್ತದೆಯಾ ಎಂದು ನೋಡಿದರು. ಅಲ್ಲಿ ಹೈಡ್ರೋಜನ್ ಬಂದದ್ದು ಸಿಲಿಂಡರಿನಿಂದ ಮತ್ತು ಮೆಥನಾಲ್ ಒಡೆಯುವ ಉಪಕರಣದಿಂದ. ಆಲ್ಟರ್ನೇಟರ್ ಕರೆಂಟಿನಲ್ಲಿ ನೀರು ಒಡೆದು ಅಲ್ಲ.

ಸ್ಟ್ಯಾನ್ಲಿ ಮೇಯರ್ ವಿಷಯ: 1996ರಲ್ಲಿ ಓಹಾಯೋದ ನ್ಯಾಯಾಲಯದಲ್ಲಿ ಅವರ ಸೆಲ್ಲನ್ನು ತಜ್ಞರು ನೋಡಿದರು, ಅದು ಮಾಮೂಲಿ ಎಲೆಕ್ಟ್ರಾಲಿಸಿಸ್, ಅಂದರೆ ಕರೆಂಟಿನಿಂದ ನೀರು ಒಡೆಯುವುದು, ಅಷ್ಟೇ ಎಂದರು. ನ್ಯಾಯಾಲಯ ವಂಚನೆ ಎಂದು ತೀರ್ಪು ಕೊಟ್ಟು ಇಬ್ಬರು ಹೂಡಿಕೆದಾರರಿಗೆ 25,000 ಡಾಲರ್ ವಾಪಸ್ ಕೊಡಿಸಿತು. ಅವರು ತೀರಿಕೊಂಡದ್ದು ಆ ತೀರ್ಪಿನ ಎರಡು ವರ್ಷದ ಮೇಲೆ, 1998ರಲ್ಲಿ.

ಬಿಐಇಸಿ_ನೋಡಿದವ

ಕಂಪನಿಗಳು ಮುಚ್ಚಿಡುತ್ತವೆ ಎನ್ನುವವರಿಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇಂಡಿಯಾ ಎನರ್ಜಿ ವೀಕ್ ನಡೆಯಿತು. ಅಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ರಿಲಯನ್ಸ್ ಸೇರಿ ಹೈಡ್ರೋಜನ್ನನ್ನೇ ಇಂಜಿನ್ನಿನಲ್ಲಿ ಉರಿಸಿ ಓಡುವ ಲಾರಿ ತೋರಿಸಿದರು. ಬ್ಯಾಟರಿಯೂ ಅಲ್ಲ, ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯೆಲ್ ಸೆಲ್ಲೂ ಅಲ್ಲ, ಪಿಸ್ಟನ್ ಇರುವ ಇಂಜಿನ್ನೇ. ತೈಲ ಕಂಪನಿಯೇ ನಿಂತು ತೋರಿಸುತ್ತಿದೆ, ಮುಚ್ಚಿಟ್ಟಿದ್ದೇನು? 2025ರ ಮಾರ್ಚಿನಲ್ಲಿ ಟಾಟಾದವರ ಹೈಡ್ರೋಜನ್ ಲಾರಿಗಳೂ ರಸ್ತೆ ಪರೀಕ್ಷೆಗೆ ಇಳಿದವು, ಇಂಜಿನ್ ಇರುವವೂ ಇವೆ, ಫ್ಯೂಯೆಲ್ ಸೆಲ್ ಇರುವವೂ ಇವೆ. ಆದರೆ ಇವೆಲ್ಲ ಗ್ಯಾಸನ್ನು ಟ್ಯಾಂಕಿನಲ್ಲಿ ತುಂಬಿಸಿಕೊಂಡು ಓಡುವ ಗಾಡಿಗಳು. ಓಡುತ್ತಾ ಓಡುತ್ತಾ ತಾವೇ ಮಾಡಿಕೊಳ್ಳುವುದಿಲ್ಲ.

ಸ್ಪ್ಯಾನರ್_ಕೈ

ನಾನು ದಾವಣಗೆರೆ ಕಡೆ ಗ್ಯಾರೇಜ್ ಇಟ್ಟಿದ್ದೇನೆ, 22 ವರ್ಷ. ಲೆಕ್ಕ ಸರ್ ಹೇಳಿದ್ದಾರೆ, ನಾನು ಕೈಯಲ್ಲಿ ಬಿಚ್ಚಿದ್ದನ್ನು ಹೇಳುತ್ತೇನೆ.

ಮೊದಲು 800 ಅಣ್ಣನಿಗೆ. ನಿಮಗೆ ಮೈಲೇಜ್ ಬಂದಿದೆ, ನಾನು ನಂಬುತ್ತೇನೆ. ಆದರೆ ಕಿಟ್ ಹಾಕಿದ ದಿನ ಅವರು ಇನ್ನೇನೇನು ಮಾಡಿದರು ನೆನಪಿದೆಯಾ? ಏರ್ ಫಿಲ್ಟರ್ ಹೊಸದು ಹಾಕಿರುತ್ತಾರೆ, ಪ್ಲಗ್ ಕ್ಲೀನ್ ಮಾಡಿರುತ್ತಾರೆ, ಕಾರ್ಬ್ಯುರೇಟರ್‌ನ ಮಿಕ್ಸ್‌ಚರ್ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿರುತ್ತಾರೆ. ಪೆಟ್ರೋಲ್ ಕಡಿಮೆ ಆಯಿತು, ಮೈಲೇಜ್ ಬಂತು. ಅದು ಸ್ಕ್ರೂ ಡ್ರೈವರ್ ಮಾಡಿದ ಕೆಲಸ. ಜೊತೆಗೆ 20 ಸಾವಿರ ಕೊಟ್ಟ ಮೇಲೆ ಎಲ್ಲರ ಕಾಲೂ ಹಗುರವಾಗುತ್ತದೆ, ಬೇಕಾಬಿಟ್ಟಿ ಒತ್ತುವುದಿಲ್ಲ. ಅಲ್ಲೇ ಒಂದು ಕಿ.ಮೀ. ಹುಟ್ಟುತ್ತದೆ.

ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಯಲ್ಲಿ ಸ್ಕ್ರೂ ಇಲ್ಲ, ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದಕ್ಕೆ ಇವರು ಒಂದು ಪುಟ್ಟ ಸರ್ಕ್ಯೂಟ್ ಸೇರಿಸಿ ಮಾರುತ್ತಾರೆ. ಅದು ಸೆನ್ಸರಿನ ಸಿಗ್ನಲ್ ತಿರುಚಿ, ಪೆಟ್ರೋಲ್ ಜಾಸ್ತಿ ಆಗಿದೆ ಅಂತ ಇಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಸುಳ್ಳು ಹೇಳುತ್ತದೆ. ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸ್ವಲ್ಪ ದಿನ ಖುಷಿ. ಆಮೇಲೆ ಇಂಜಿನ್ ಬಿಸಿ, ಎಳೆಯುವಾಗ ಕಟಕಟ ನಾಕಿಂಗ್, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಒಂದು ಟ್ಯಾಕ್ಸಿಯ ಹೆಡ್ ಇಳಿಸಿದಾಗ ವಾಲ್ವಿನ ಅಂಚು ಇಲಿ ಕಚ್ಚಿದ ಹಾಗೆ ಹರಿದಿತ್ತು. ರಿಪೇರಿಗೆ ಹೋದ ದುಡ್ಡು ಕಿಟ್ಟಿನ ದುಡ್ಡಿಗಿಂತ ಜಾಸ್ತಿ. ಆ ಹುಡುಗ ಕಂತು ಕಟ್ಟುತ್ತಿದ್ದ ಗಾಡಿ ಅದು, ಹದಿನೈದು ದಿನ ನಿಂತಿತು. ನನಗೆ ಸಂಕಟ ಆಗುವುದು ಅಲ್ಲಿ.

ಈಗ ಅಪಾಯದ ಮಾತು, ಇದನ್ನು ದಯವಿಟ್ಟು ಸರಿಯಾಗಿ ಓದಿ. ಈ ಗ್ಯಾಸ್ ಎಲ್‌ಪಿಜಿ ತರಹ ಅಲ್ಲ. ಎಲ್‌ಪಿಜಿ ಉರಿಯಲು ಹೊರಗಿನ ಗಾಳಿ ಬೇಕು. ಇದರಲ್ಲಿ ಉರಿಯಲು ಬೇಕಾದ ಆಮ್ಲಜನಕ ಮೊದಲೇ ಸೇರಿಕೊಂಡಿದೆ. ಪೈಪಿನ ಒಂದು ತುದಿಯಲ್ಲಿ ಕಿಡಿ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ತುದಿಯ ಡಬ್ಬಕ್ಕೆ ಬೆಂಕಿ ಓಡುತ್ತದೆ. ನಡುವೆ ನೀರಿನ ಬಾಟಲಿ ಇಡುವುದು ಅದನ್ನು ತಡೆಯಲೆಂದೇ. ಆ ನೀರು ಬತ್ತಿದರೆ ಮುಗಿಯಿತು. ನನ್ನ ಗ್ಯಾರೇಜಿಗೆ ಬಂದ ಒಂದು ಗಾಡಿಯಲ್ಲಿ ಬಾಟಲಿ ಒಡೆದು ಚೂರು ಬಾನೆಟ್ ಒಳಗೆಲ್ಲ ಅಂಟಿತ್ತು. ಇಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಬಿಟ್ಟು ಹಾಡು ಕೇಳುತ್ತಾ ಕೂತಿದ್ದರಂತೆ. ಡಬ್ಬ ಗ್ಯಾಸ್ ಮಾಡುತ್ತಲೇ ಇತ್ತು, ಎಳೆದುಕೊಳ್ಳುವ ಇಂಜಿನ್ ನಿಂತಿತ್ತು, ಏರ್ ಫಿಲ್ಟರ್ ಡಬ್ಬದಲ್ಲಿ ಗ್ಯಾಸ್ ತುಂಬಿತು. ಸ್ಟಾರ್ಟ್ ಮಾಡಿದ ತಕ್ಷಣ ಢಮ್. ಬಾನೆಟ್ ಮುಚ್ಚಿತ್ತು, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ತೆರೆದು ನೋಡುತ್ತಾ ನಿಂತಿದ್ದರೆ ಕಣ್ಣು ಹೋಗುತ್ತಿತ್ತು.

ಡಬ್ಬದಲ್ಲಿರುವುದು ಬರೀ ನೀರಲ್ಲ, ಕಾಸ್ಟಿಕ್ ಪೊಟ್ಯಾಷ್ ಎಂಬ ಕ್ಷಾರ ಬೆರೆಸಿದ ನೀರು. ಚರ್ಮ ಸುಡುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ.

ಪಿಯುಸಿ_ರಸಾಯನ

ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ಎರಡೇ ಮಾತು ಸೇರಿಸುತ್ತೇನೆ. ಹೈಡ್ರೋಜನ್ ಹೊತ್ತಿಕೊಳ್ಳಲು 0.02 ಮಿಲಿಜೂಲ್ ಕಿಡಿ ಸಾಕು, ಪೆಟ್ರೋಲ್ ಆವಿಗೆ ಬೇಕಾದದ್ದರ ಹತ್ತರಲ್ಲಿ ಒಂದು ಪಾಲಿನಷ್ಟು. ನೈಲಾನ್ ಬಟ್ಟೆ ಉಜ್ಜಿದಾಗ ಬರುವ ಕಿಡಿಯೂ ಸಾಕಾಗುತ್ತದೆ. ಮತ್ತೆ, ವಿಡಿಯೋ ನೋಡಿ ಮನೆಯಲ್ಲೇ ಡಬ್ಬ ಮಾಡುವವರು ಕೆಲವರು ಅಡುಗೆ ಉಪ್ಪು ಹಾಕುತ್ತಾರೆ. ಉಪ್ಪು ನೀರಿಗೆ ಕರೆಂಟು ಕೊಟ್ಟರೆ ಬರುವುದು ಕ್ಲೋರಿನ್, ವಿಷದ ಗಾಳಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಲೇಬೇಡಿ.

ದೆಹಲಿ_ಕನ್ನಡಿಗ

ಇಷ್ಟು ಓದಿ ಹೈಡ್ರೋಜನ್ ಬೆರೆಸುವುದೇ ಸುಳ್ಳು ಅಂತ ಯಾರಾದರೂ ತಿಳಿದುಕೊಂಡರೆ ಅದೂ ತಪ್ಪು. ನಾನು ಇರುವ ದೆಹಲಿಯಲ್ಲಿ 2020ರ ಅಕ್ಟೋಬರ್‌ನಲ್ಲಿ ರಾಜಘಾಟ್ ಡಿಪೋದ 50 ಸಿಟಿ ಬಸ್ಸುಗಳಿಗೆ ಹೈಡ್ರೋಜನ್ ಬೆರೆಸಿದ ಸಿಎನ್‌ಜಿ ಹಾಕಿ ಓಡಿಸುವ ಪ್ರಯೋಗ ಶುರುವಾಯಿತು. ಹೆಸರು ಎಚ್‌ಸಿಎನ್‌ಜಿ. ನೂರರಲ್ಲಿ 18 ಪಾಲು ಹೈಡ್ರೋಜನ್. ಇಂಡಿಯನ್ ಆಯಿಲ್‌ನವರು ದಿನಕ್ಕೆ 4 ಟನ್ ಮಾಡುವ ಘಟಕ ಅಲ್ಲೇ ಹಾಕಿದರು. ಸಿಎನ್‌ಜಿಯ ಮೀಥೇನನ್ನೇ ಹಬೆಯ ಜೊತೆ ಸ್ವಲ್ಪ ಒಡೆದು, ಬೇಕಾದಷ್ಟು ಹೈಡ್ರೋಜನ್ ಅದರಲ್ಲೇ ಹುಟ್ಟುವ ಹಾಗೆ ಮಾಡಿದ್ದರು. ಬೇರೆ ಸಿಲಿಂಡರ್ ತಂದು ಬೆರೆಸುವ ಕೆಲಸ ಇಲ್ಲ. ಕಾರ್ಬನ್ ಮಾನಾಕ್ಸೈಡ್ ತುಂಬಾ ಇಳಿಯುತ್ತದೆ, ಮೈಲೇಜ್ ಶೇ 3ರಿಂದ 4 ಏರುತ್ತದೆ ಎಂದು ಅವರೇ ಹೇಳಿದ್ದು.

ಗಮನಿಸಿ. ದೊಡ್ಡ ಕಂಪನಿ, ಶೇ 18 ಹೈಡ್ರೋಜನ್, ಆದರೂ ಹೇಳಿಕೊಂಡದ್ದು ಶೇ 4. ನಿಮ್ಮ ಅಂಗಡಿಯವರು ಒಂದು ಡಬ್ಬದಲ್ಲಿ ಶೇ 30 ಕೊಡುತ್ತಾರೆ!

ಪಿಯುಸಿ_ರಸಾಯನ

ಒಳ್ಳೆಯ ಉದಾಹರಣೆ. ಗಾತ್ರದ ಅಳತೆಯಲ್ಲಿ ಶೇ 18 ಅಂದರೂ ಹೈಡ್ರೋಜನ್ ತುಂಬಾ ಹಗುರ, ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು ಶೇ 6. ನಮ್ಮ ಪಿಕಪ್ ಡಬ್ಬದ್ದು ಶೇ 0.15. ನಲವತ್ತು ಪಟ್ಟು ವ್ಯತ್ಯಾಸ.

ಇದ್ದಿಲ_ಬಸ್ಸು

ನನಗೆ ಈಗ 71. ಇದನ್ನೆಲ್ಲ ಓದುತ್ತಾ ನಮ್ಮ ತಂದೆ ಹೇಳುತ್ತಿದ್ದ ಮಾತು ನೆನಪಾಯಿತು, ಬರೆಯದೆ ಇರಲು ಆಗಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ ನಮ್ಮ ಕರಾವಳಿ, ಮಲೆನಾಡಿನ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಹಂಡೆಯಂಥ ಒಂದು ಒಲೆ. ಕ್ಲೀನರ್ ಹುಡುಗ ಬೆಳಗಿನ ಜಾವ ಎದ್ದು ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಲ್ಲಿ ಪಂಖ ತಿರುಗಿಸಬೇಕು. ಅರ್ಧ ಗಂಟೆ ತಿರುಗಿಸಿದ ಮೇಲೆ ಗ್ಯಾಸ್ ಬಂದು ಬಸ್ಸು ಸ್ಟಾರ್ಟ್ ಆಗುತ್ತಿತ್ತಂತೆ. ಘಾಟಿ ಏರಿನಲ್ಲಿ ಶಕ್ತಿ ಸಾಲದೆ ಜನ ಇಳಿದು ನೂಕುತ್ತಿದ್ದರು. ಆಗುಂಬೆಯ ಕೆಳಗೆ ತಂದೆಯೂ ನೂಕಿದ್ದಾರೆ, ಮೈಯೆಲ್ಲ ಮಸಿ ಮಾಡಿಕೊಂಡು ಮದುವೆ ಮನೆಗೆ ಹೋದ ಕಥೆ ಅದು.

ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುತ್ತದೆ. ಕೆಂಡದ ಮೇಲೆ ನೀರಿನ ಹಬೆ ಹಾಯ್ದರೆ ಹೈಡ್ರೋಜನ್ ಬರುತ್ತದೆ. ಅಂದರೆ ನಮ್ಮ ಊರುಗಳಲ್ಲಿ ಹೈಡ್ರೋಜನ್ ಬೆರೆತ ಗ್ಯಾಸಿನಲ್ಲಿ ಬಸ್ಸು ಓಡಿ 80 ವರ್ಷ ಆಯಿತು. ಅಲ್ಲಿ ಶಕ್ತಿ ಬಂದದ್ದು ಇದ್ದಿಲಿನಿಂದ, ಇಂಜಿನ್ನಿನಿಂದ ಸಾಲ ತಂದದ್ದಲ್ಲ.

ಆಮೇಲೆ ನಮ್ಮ ಐಐಎಸ್‌ಸಿಯವರು ಇದನ್ನು ಎಷ್ಟು ಚೆನ್ನಾಗಿ ಬೆಳೆಸಿದರು ಗೊತ್ತಾ? ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯಿಂದ ಗ್ಯಾಸ್ ಮಾಡುವ ಘಟಕ ಹಾಕಿದರು. ಕಟ್ಟಿಗೆ ತುಂಡುಗಳನ್ನು ಅರೆಬರೆ ಸುಟ್ಟರೆ ಬರುವ ಗ್ಯಾಸಿನಲ್ಲಿ ಐದರಲ್ಲಿ ಒಂದು ಪಾಲು ಹೈಡ್ರೋಜನ್, ಅಷ್ಟೇ ಕಾರ್ಬನ್ ಮಾನಾಕ್ಸೈಡ್. ಅದನ್ನು ತೊಳೆದು, ತಣ್ಣಗೆ ಮಾಡಿ ಮಾಮೂಲಿ ಡೀಸೆಲ್ ಇಂಜಿನ್ನಿನ ಗಾಳಿ ಪೈಪಿಗೆ ಬಿಟ್ಟರು. ಡೀಸೆಲ್ ಸ್ವಲ್ಪ ಮಾತ್ರ, ಕಿಡಿ ಹಚ್ಚುವುದಕ್ಕೆ. ಮುಕ್ಕಾಲಿಗೂ ಹೆಚ್ಚು ಡೀಸೆಲ್ ಉಳಿಯಿತು. ಊರಿಗೆ ದೀಪ ಬಂತು, ಕುಡಿಯುವ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು. ಇಲ್ಲಿ ಉಳಿತಾಯ ನಿಜ, ಯಾಕೆಂದರೆ ಕಟ್ಟಿಗೆ ಇಂಧನ.

ಅದೇ ಐಐಎಸ್‌ಸಿಯಲ್ಲಿ ಪ್ರೊ. ದಾಸಪ್ಪ ಅವರ ತಂಡ ಈಗ ಜೀವರಾಶಿಯಿಂದ, ಅಂದರೆ ಕಟ್ಟಿಗೆಯಂಥ ಸಸ್ಯ ಪದಾರ್ಥದಿಂದ, ಶುದ್ಧ ಹೈಡ್ರೋಜನ್ ತೆಗೆಯುವ ವಿಧಾನ ಮಾಡಿದೆ. 1 ಕೆ.ಜಿ.ಯಿಂದ 100 ಗ್ರಾಂ. ಆ ಒಂದು ಕೆ.ಜಿ.ಯಲ್ಲಿ ಇರುವ ಹೈಡ್ರೋಜನ್ 60 ಗ್ರಾಂ ಮಾತ್ರ, ಉಳಿದದ್ದು ಹಬೆಯಿಂದ ಬರುತ್ತದೆ. ಇಂಥ ನಿಜವಾದ ಕೆಲಸ ನಮ್ಮ ಪಕ್ಕದಲ್ಲೇ ನಡೆಯುವಾಗ ಬಡ ಡ್ರೈವರುಗಳ ದುಡ್ಡು ಬಾಟಲಿ ಗುಳ್ಳೆಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಿರಾಡಿ_ಪಿಕಪ್

ಹಿರಿಯರೇ, ಆಗುಂಬೆ ಕಥೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎಲ್ಲರಿಗೂ ಧನ್ಯವಾದ. ಅಡ್ವಾನ್ಸ್ ಕೊಟ್ಟು ಆಗಿದೆ, ವಾಪಸ್ ಕೇಳಿದರೆ ಹಾಕಿಸಿ ನೋಡಿ, ಮೈಲೇಜ್ ಬರದಿದ್ದರೆ ತೆಗೆಯುತ್ತೇವೆ ಅನ್ನುತ್ತಿದ್ದಾರೆ. ಏನು ಕೇಳಲಿ?

ಪುಣೆ_ಟೆಸ್ಟ್‌ಬೆಡ್

ಟೈಪ್ ಅಪ್ರೂವಲ್ ಸರ್ಟಿಫಿಕೇಟ್ ಕೇಳಿ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳಿಗೆ ಇರುವ ಹಾಗೆ, ನಿಮ್ಮ ಗಾಡಿಯ ಮಾಡೆಲ್ ಹೆಸರಿನಲ್ಲಿ, ಪುಣೆಯ ಎಆರ್‌ಎಐ ಅಥವಾ ಮಾನೇಸರ್‌ನ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯದ್ದು. ಲ್ಯಾಬ್ ರಿಪೋರ್ಟ್ ಅಂತ ಒಂದು ಗ್ರಾಫ್ ತೋರಿಸಿದರೆ ಅದು ಸರ್ಟಿಫಿಕೇಟ್ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ನಾಳೆ ಘಾಟಿಯಲ್ಲಿ ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೇ ಇದನ್ನು. ನಿಮ್ಮದು ಕಮರ್ಷಿಯಲ್ ಗಾಡಿ, ಎಫ್‌ಸಿಗೂ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಬೇಕಲ್ವಾ?

ಸ್ಪ್ಯಾನರ್_ಕೈ

ಮೈಲೇಜ್ ಬರದಿದ್ದರೆ ತೆಗೆಯುತ್ತೇವೆ ಅಂದರೆ ಹೀಗೆ ಕೇಳಿ: ಅಳತೆ ಹೇಗೆ ಮಾಡುತ್ತೀರಿ? ಒಮ್ಮೆ ಟ್ಯಾಂಕ್ ತುಂಬಿಸಿ ನೋಡುವುದು ಅಳತೆಯೇ ಅಲ್ಲ. ಬಂಕಿನ ಗನ್ ಒಮ್ಮೆ ಬೇಗ ಕಟ್ ಆಗುತ್ತದೆ, ಒಮ್ಮೆ ತಡವಾಗಿ. 30 ಲೀಟರಿಗೆ 2 ಲೀಟರ್ ಅತ್ತಿತ್ತ ಆದರೆ ಅಲ್ಲೇ ಶೇ 7. ಒಂದೇ ಬಂಕು, ಒಂದೇ ಪಂಪು, ಒಂದೇ ರಸ್ತೆ, ಎಂಟು ಹತ್ತು ಟ್ಯಾಂಕ್ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಕಿಟ್ ಆನ್ ಇದೆಯಾ ಆಫ್ ಇದೆಯಾ ಅಂತ ಓಡಿಸುವವನಿಗೆ ಗೊತ್ತಿರಬಾರದು.

ಮತ್ತೆ ನಿಮ್ಮ ಗಾಡಿಗೆ 12ಕ್ಕಿಂತ ಕಡಿಮೆ ಬರುತ್ತಿದ್ದರೆ ಇಂಜೆಕ್ಟರ್ ರಿಟರ್ನ್ ಚೆಕ್ ಮಾಡಿಸಿ, ಟರ್ಬೋ ಹೋಸ್ ಸೀಳಿದೆಯಾ ನೋಡಿ, ನಾಲ್ಕೂ ಚಕ್ರ ಜಾಕ್ ಮೇಲೆ ಕೈಯಲ್ಲಿ ತಿರುಗಿಸಿ ಬ್ರೇಕ್ ಹಿಡಿದಿದೆಯಾ ನೋಡಿ. ಘಾಟಿ ಓಡುವ ಗಾಡಿಗಳಲ್ಲಿ ಬ್ರೇಕ್ ಹಿಡಿಯುವುದು ಜಾಸ್ತಿ.

ಬಯಲುಸೀಮೆ_800

ನಾನು ಮೊದಲು ಬರೆದದ್ದಕ್ಕೆ ಹತ್ತು ವಾರ ಆಯಿತು. ಸ್ಪ್ಯಾನರ್ ಅಣ್ಣ ಹೇಳಿದ್ದು ಮನಸ್ಸಿಗೆ ಚುಚ್ಚಿತ್ತು, ಪರೀಕ್ಷೆ ಮಾಡಿಯೇ ನೋಡೋಣ ಅಂತ ಹಠ ಹಿಡಿದೆ. ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿಗೆ ಕಪ್ಪು ಟೇಪ್ ಅಂಟಿಸಿದೆ. ಪ್ರತಿ ಭಾನುವಾರ ನನ್ನ ಮಗಳು ನಾಣ್ಯ ಹಾರಿಸಿ, ಕಿಟ್ಟಿನ ಫ್ಯೂಸ್ ಹಾಕುತ್ತಿದ್ದಳು ಇಲ್ಲವೇ ತೆಗೆಯುತ್ತಿದ್ದಳು. ಚೀಟಿ ಬರೆದು ತನ್ನ ಪೆನ್ಸಿಲ್ ಡಬ್ಬದಲ್ಲಿ ಇಟ್ಟುಕೊಂಡಳು. ಎಂಟು ವಾರ. ನಾನು ಪ್ರತಿ ವಾರ ಮೈಲೇಜ್ ಜೊತೆಗೆ ಈ ವಾರ ಕಿಟ್ ಇತ್ತು, ಇರಲಿಲ್ಲ ಅಂತ ನನ್ನ ಊಹೆಯನ್ನೂ ಬರೆದೆ. ಗಾಡಿ ನನಗೆ ಗೊತ್ತು ಅಂದಿದ್ದೆನಲ್ಲ.

ಕಿಟ್ ಇದ್ದ ವಾರಗಳ ಸರಾಸರಿ 17.6. ಇಲ್ಲದ ವಾರಗಳದ್ದು 17.7. ಊಹೆ ಎಂಟರಲ್ಲಿ ಮೂರು ಮಾತ್ರ ಸರಿ. ಚೀಟಿಗಳನ್ನು ಮಗಳು ಒಂದೊಂದೇ ಬಿಡಿಸಿ ಓದುವಾಗ ಗಂಟಲು ಕಟ್ಟಿತು. ಇಷ್ಟು ದಿನ ನಾಲ್ಕು ಜನಕ್ಕೆ ಹಾಕಿಸಿ ಅಂತ ಹೇಳಿದ್ದೇನೆ, ಇಬ್ಬರು ಹಾಕಿಸಿದ್ದಾರೆ. ಅವರ ಮನೆಗೆ ಹೋಗಿ ಹೇಳಿ ಬಂದೆ. ಶಿರಾಡಿ ಅಣ್ಣ, ನಿಮಗೂ ಹೇಳುತ್ತಿದ್ದೇನೆ, ಹಾಕಿಸಬೇಡಿ.

ಶಿರಾಡಿ_ಪಿಕಪ್

ಹಾಕಿಸಲಿಲ್ಲ ಅಣ್ಣ. ಸರ್ಟಿಫಿಕೇಟ್ ಕೇಳಿದೆ, ಕೊಡಲಿಲ್ಲ. ಮೂರು ಸಲ ಹೋದ ಮೇಲೆ 2,000 ವಾಪಸ್ ಬಂತು. ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಜಾಕ್ ಹಾಕಿ ತಿರುಗಿಸಿದರೆ ಹಿಂದಿನ ಎಡ ಚಕ್ರ ಬಿಗಿಯಾಗಿತ್ತು. ಅದನ್ನು ಸರಿ ಮಾಡಿಸಿ, ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ ಈಗ ಆರು ಟ್ಯಾಂಕ್ ಆಯಿತು, 12.8 ಬರುತ್ತಿದೆ. ಇಂಜೆಕ್ಟರ್ ಮುಂದಿನ ತಿಂಗಳು.

ಬಯಲುಸೀಮೆ_800

ಸಂತೋಷ ಆಯಿತು. ಈಗ ನನ್ನದೊಂದು ಪ್ರಶ್ನೆ. ಕಿಟ್ ಬಿಚ್ಚಿ ಹಿತ್ತಲಲ್ಲಿ ಇಟ್ಟಿದ್ದೇನೆ. ಡಬ್ಬದಲ್ಲಿ ಇನ್ನೂ ಒಂದು ಲೀಟರ್ ಕಂದು ಬಣ್ಣದ ನೀರಿದೆ. ಪೊಟ್ಯಾಷ್ ಅಂದರೆ ಗೊಬ್ಬರ ತಾನೇ, ತೆಂಗಿನ ಬುಡಕ್ಕೆ ಸುರಿಯಲಾ?

ಪಿಯುಸಿ_ರಸಾಯನ

ಬೇಡ, ಬೇಡ. ಆ ಕಂದು ಬಣ್ಣ ಪ್ಲೇಟಿನದ್ದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತದೆ, ಕರೆಂಟು ಹರಿದಾಗ ಅವು ಕರಗಿ ನೀರಿಗೆ ಬರುತ್ತವೆ. ಅದರಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರಬಹುದು, ಅದು ಕ್ಯಾನ್ಸರ್ ತರುವಂಥದ್ದು. ತೆಂಗಿಗೂ ಬೇಡ, ಚರಂಡಿಗೂ ಬೇಡ, ಬಾವಿ ಹತ್ತಿರವಂತೂ ಬೇಡವೇ ಬೇಡ. ದಪ್ಪ ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಂಡು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ಸುರಿಯಿರಿ, ಮೇಲೆ ವಿಷ ಅಂತ ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನಿಮ್ಮ ಊರಿನ ಹತ್ತಿರ ಡಿಗ್ರಿ ಕಾಲೇಜು ಇದ್ದರೆ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ, ಅವರ ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸುತ್ತಾರೆ. ಯಾವ ಊರು ಅಂತ ನನಗೆ ಖಾಸಗಿಯಾಗಿ ಬರೆಯಿರಿ, ಗೊತ್ತಿರುವ ಮೇಷ್ಟ್ರು ಯಾರಾದರೂ ಇದ್ದಾರಾ ನೋಡುತ್ತೇನೆ.